ಬೆಳಕಿಂಡಿಯ ಕೆಳಗಿನ ಆಮೆಮರಿಗಳು

ಮೊನ್ನೆ ಮೊಮ್ಮಗಳ ಕೋಣೆಗೆ ಕಾಲಿಟ್ಟ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಮೀನಿನ ವಾಸನೆಯಲ್ಲ, ಬರೀ ಪಾಚಿಯದ್ದೂ ಅಲ್ಲ. ತೊಳೆಯದೆ ಬಿಟ್ಟ ಹಾಲಿನ ಗಡಿಗೆಗೆ ಕೆರೆಯ ಕೆಸರು ಬೆರೆಸಿದರೆ ಹೇಗಿರುತ್ತದೋ ಹಾಗೆ. ಕಿಟಕಿಗೆ ಪರದೆ ಎಳೆದಿತ್ತು. ಮೇಜಿನ ಮೇಲೆ ಗಾಜಿನ ತೊಟ್ಟಿ, ಅದರೊಳಗೆ ಬಣ್ಣಬಣ್ಣದ ಹರಳು, ಪ್ಲಾಸ್ಟಿಕ್ಕಿನ ಗಿಡ, ನೀರಿನಲ್ಲಿ ತೇಲುವ ಬಿಸ್ಕೀಟಿನ ಚೂರು, ಮತ್ತು ಕಣ್ಣು ಮುಚ್ಚಿಕೊಂಡು ಕೂತ ಒಂದು ಪುಟ್ಟ ಆಮೆಮರಿ.

"ಅಜ್ಜಿ, ಅದು ಮಲಗೇತಿ. ಸಪ್ಪಳ ಮಾಡಬ್ಯಾಡ" ಎಂದಳು ಹುಡುಗಿ.

ಮಲಗಿದ ಆಮೆಗೂ ಕಣ್ಣು ಊದಿಕೊಂಡ ಆಮೆಗೂ ವ್ಯತ್ಯಾಸ ತಿಳಿಯದವಳಲ್ಲ ನಾನು. ಮರಿಯನ್ನು ಅಂಗೈಯಲ್ಲಿಟ್ಟುಕೊಂಡು, ಮೊಣಕಾಲನ್ನು ಬೈಯುತ್ತ, ತಾರಸಿಯ ಮೆಟ್ಟಿಲು ಹತ್ತಿದೆ. ಬಿಸಿಲಿಗೆ ಅಂಗೈ ಒಡ್ಡಿ ಕೂತಾಗ ನಾನು ಈ ಊರಿಗೆ ಸೊಸೆಯಾಗಿ ಬಂದ ವರ್ಷದ ಮಳೆಗಾಲ ಇಡಿಯಾಗಿ ಎದ್ದು ಬಂತು. ಮೊಮ್ಮಗಳು ಹಿಂದಿನಿಂದ ಏನೇನೋ ಕೇಳುತ್ತಿದ್ದಳು. ನನಗೆ ಮಾತ್ರ ನಮ್ಮತ್ತೆಯ ದನಿಯೇ ಕೇಳುತ್ತಿತ್ತು.

ಆಗಿನ ಗಂಗಾವತಿ ಈಗಿನ ಗಂಗಾವತಿಯಲ್ಲ. ದೊಡ್ಡ ಕಾಲುವೆ ಇನ್ನೂ ಬಂದಿರಲಿಲ್ಲ. ಈಗ ಕಣ್ಣು ಹಾಯಿಸಿದಷ್ಟು ದೂರ ಭತ್ತ ಕಾಣುವ ಕಡೆಯೆಲ್ಲ ಎರೆ ಹೊಲ, ಜೋಳ, ಹತ್ತಿ. ನಿಜಾಮರ ಆಳಿಕೆ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿದೆ ಎನ್ನುತ್ತಿದ್ದರು. ಅಂಗಡಿಯಲ್ಲಿ ಚಿಮಣಿ ಎಣ್ಣೆ ಸಿಗದಾಗ ಮಾತ್ರ ನಮಗದು ನೆನಪಾಗುತ್ತಿತ್ತು. ನನಗೆ ಹದಿನಾರು ತುಂಬಿತ್ತು. ತವರು ಯಲಬುರ್ಗಾ ಕಡೆಯ ಹಳ್ಳಿ. ತಾಯಿ ಇರಲಿಲ್ಲ, ಅಣ್ಣನೇ ಎಲ್ಲ. ವೈಶಾಖದಲ್ಲಿ ಮದುವೆಯಾಗಿ ಈ ಮನೆಯ ಹೊಸ್ತಿಲು ದಾಟಿದಾಗ ಹಿತ್ತಲಿನಲ್ಲಿ ಬಾವಿ ತೋಡುತ್ತಿದ್ದರು. ಎರಡು ಬೇಸಿಗೆ ತೋಡಿದರೂ ಬರೀ ಕಲ್ಲು ಸಿಕ್ಕಿದ್ದ ಬಾವಿಯದು. ನಾನು ಬಂದ ವಾರದಲ್ಲೇ ನೀರು ಕಂಡಿತು. ಅತ್ತೆ ಓಣಿಯ ತುಂಬ ಸಕ್ಕರೆ ಹಂಚಿ, "ನನ್ನ ಸೊಸಿ ಕಾಲ್ಗುಣ ನೋಡ್ರವ್ವ" ಎಂದು ಸಾರಿದರು.

ಅತ್ತೆಯ ಹೆಸರು ಶಾಂತವ್ವ. ಹೆಸರಿಟ್ಟವರು ಅವರ ಗಂಟಲು ಕೇಳಿರಲಿಲ್ಲ ಎಂದು ಕಾಣುತ್ತದೆ. ದಿನಾ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಅದಾದ ಮೇಲೆ ಒಬ್ಬೊಬ್ಬರನ್ನೇ ಬೈಯಲು ಹಿಡಿಯುತ್ತಿದ್ದರು. ಕೆಟ್ಟವರಲ್ಲ. ಆದರೆ ಹೊಸ ಸೊಸೆಗೆ ಕಟ್ಟಳೆ ಬಹಳ. ತಲೆಯ ಮೇಲಿನ ಸೆರಗು ಜಾರಬಾರದು, ಗಂಡಸರೆದುರು ನಗಬಾರದು, ಮಾಳಿಗೆ ಏರಬಾರದು. ಮಾಳಿಗೆಯ ಮೇಲಿಂದ ಪೇಟೆ ಕಾಣುತ್ತದೆ, ಪೇಟೆಗೂ ಸೊಸೆ ಕಾಣುತ್ತಾಳೆ ಎಂಬುದು ಅವರ ಲೆಕ್ಕ. ಬಯಲು ಹಳ್ಳಿಯಲ್ಲಿ ಬೆಳೆದ ನನಗೆ ಈ ಮಣ್ಣಿನ ಗೋಡೆಗಳ ನಡುವೆ ಉಸಿರು ಕಟ್ಟುತ್ತಿತ್ತು. ಅಡಿಗೆಮನೆಯ ಮೂಲೆಯಲ್ಲಿ ಕೂತು ಯಾರಿಗೂ ಕಾಣದ ಹಾಗೆ ಅತ್ತದ್ದು ಎಷ್ಟು ಸಲವೋ.

ಮುಂಗಾರಿನ ಮಿರಗದ ಮಳೆ ಬಿದ್ದ ಮೂರ್ನಾಲ್ಕು ದಿನಕ್ಕೆ ಅತ್ತೆಯ ತಮ್ಮ ಈರಪ್ಪ ಮರಳಿ ಎಂಬ ಹಳ್ಳಿಯಿಂದ ಬಂದ. ಕೆರೆಯ ದಂಡೆಯ ಹೊಲ ಹರಗುವಾಗ ಮಣ್ಣಿನಿಂದ ಎದ್ದು ಬಂದ ಐದು ಆಮೆಮರಿಗಳನ್ನು ಒದ್ದೆ ಬಟ್ಟೆ ಹಾಸಿದ ಬುಟ್ಟಿಯಲ್ಲಿಟ್ಟುಕೊಂಡು ತಂದಿದ್ದ. ಹೊಸ ಬಾವಿಗೆ ಆಮೆ ಬಿಡುವುದು ನಮ್ಮ ಕಡೆಯ ರೂಢಿ. ಆಮೆ ಇದ್ದ ಬಾವಿ ಬತ್ತುವುದಿಲ್ಲ, ನೀರೂ ತಿಳಿಯಾಗಿರುತ್ತದೆ ಎಂಬ ನಂಬಿಕೆ.

"ಅಕ್ಕಾ, ತಗೋ. ನಿನ್ನ ಬಾವಿ ಕಾಯಾಕ ಐದ್ ಮಂದಿ ಬಂದಾರ" ಎಂದ.

ಅತ್ತೆ ಬುಟ್ಟಿಯೊಳಗೆ ಇಣುಕಿದರು. ಒಂದೊಂದೂ ನಿಂಬೆಹಣ್ಣಿನ ಹೋಳಿನಷ್ಟಿತ್ತು, ಕರ್ರಗೆ, ಬೆನ್ನ ಮೇಲೆ ಮೂರು ಸಣ್ಣ ಏಣು. "ಇಷ್ಟಿಷ್ಟ ಅದಾವಲ್ಲೋ! ಬಾವ್ಯಾಗ ಬಿಟ್ರ ಕಪ್ಪಿ ನುಂಗ್ತಾವು. ಅಂಗೈ ಅಗಲ ಆಗೂತನಕ ಮನ್ಯಾಗ ಸಾಕೂಣು" ಎಂದವರು ನನ್ನ ಕಡೆ ತಿರುಗಿದರು. "ಗಿರಿಜಾ, ನಿನ್ನ ಕಾಲ್ಗುಣದಿಂದ ನೀರು ಬಂದೈತಿ. ಆ ನೀರು ಕಾಯಾವನ್ನೂ ನೀನ ಕಾಯಿ."

ಕರುಗಳಿಗೆ ನೀರಿಡುವ ಸಣ್ಣ ಕಲ್ಲಿನ ದೋಣಿಯನ್ನು ತೊಳೆದು ಹಿತ್ತಲಿನಲ್ಲಿಟ್ಟೆ. ನಾಲ್ಕು ಬೆರಳು ನೀರು, ಏರಿ ಕೂರಲು ಒಂದು ಒಡೆದ ಒರಳು ಕಲ್ಲು. ಮೊದಲ ದಿನಗಳಲ್ಲಿ ಅವು ಎಷ್ಟು ಚುರುಕಾಗಿದ್ದವು! ನನ್ನ ನೆರಳು ಬಿದ್ದರೆ ಸಾಕು, ಕಲ್ಲಿನ ಮೇಲಿಂದ ದುಡುಮ್ಮನೆ ನೀರಿಗೆ ಬೀಳುತ್ತಿದ್ದವು. ಅತ್ತೆ ಅವುಗಳಿಗೆ ಹೆಸರನ್ನೂ ಇಟ್ಟರು. ಐದು ಮರಿ, ಪಂಚಾಕ್ಷರಿ ಮಂತ್ರಕ್ಕೆ ಐದು ಅಕ್ಷರ. ಹಾಗಾಗಿ ನ, ಮ, ಶಿ, ವಾ, ಯ. ಯಾವುದು 'ನ', ಯಾವುದು 'ಮ' ಎಂದು ನಮ್ಮ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅತ್ತೆ ಮಾತ್ರ ಒಂದೇ ಮರಿಯನ್ನು ಬೆಳಿಗ್ಗೆ 'ಶಿ' ಎಂದೂ ಸಂಜೆ 'ಯ' ಎಂದೂ ಧೈರ್ಯವಾಗಿ ಕರೆಯುತ್ತಿದ್ದರು.

ಒಂದು ಮಧ್ಯಾಹ್ನ ಕಾಗೆಯೊಂದು ದೋಣಿಯ ಅಂಚಿಗೆ ಕೂತು ಕೊಕ್ಕು ಹಾಕಿತು. ನಾನು ಓಡಿಹೋಗಿ ಅಟ್ಟಿದೆ, ಮರಿಗೆ ಏನೂ ಆಗಲಿಲ್ಲ. ಆದರೆ ಅತ್ತೆ ಹೌಹಾರಿದರು. "ಗುಡಿ ಮುಂದ ಕಲ್ಲಿನ ಆಮಿಗೆ ಕೈ ಮುಗದು ಒಳಗ ಹೋಗ್ತೀವಿ. ಜೀವಂತ ಆಮಿ ಹಿತ್ತಲದಾಗ ಕಾಗಿ ಬಾಯಿಗೆ ಬಿಡೂದೇನು?" ಎಂದು, ಇಬ್ಬರು ಆಳುಗಳನ್ನು ಕರೆದು ದೋಣಿಯನ್ನು ಎತ್ತಿಸಿ ದೇವರ ಜಗಲಿಯ ಕೋಣೆಗೆ ತಂದಿಡಿಸಿದರು. ಅಲ್ಲಿಂದ ಅವುಗಳಿಗೆ ದೇವರ ಉಪಚಾರ ಶುರುವಾಯಿತು. ಬೆಳಿಗ್ಗೆ ಬೆನ್ನಿಗೆ ಮೂರೆಳೆ ವಿಭೂತಿ. ಎರಡು ಹೊತ್ತು ಹಾಲು ಬಾನ, ಅಂದರೆ ಹಾಲಿನಲ್ಲಿ ಕಲಸಿದ ಅನ್ನ. ಅದೂ ದೇವರಿಗೆ ಎಡೆ ತೋರಿಸಿದ್ದು. ನಮ್ಮದು ಜಂಗಮರು ಪ್ರಸಾದಕ್ಕೆ ಬರುವ ಮನೆ. ಅಲ್ಲಿ ಆಮೆಯೂ ಲಿಂಗವಂತರಂತೆ ಉಣ್ಣಬೇಕೆಂದು ಅತ್ತೆಗೆ ಅನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅಷ್ಟೇ. ಹೊತ್ತೇರಿದಾಗ ಅಲ್ಲಿಂದ ರೊಟ್ಟಿಯಷ್ಟು ಬಿಸಿಲು ದೋಣಿಯೊಳಗೆ ಬೀಳುತ್ತಿತ್ತು. ಐದೂ ಮರಿಗಳು ಒಂದರ ಮೇಲೊಂದು ಹತ್ತಿ ಆ ಬೆಳಕಿಗೆ ಬರುತ್ತಿದ್ದವು. ಬಿಸಿಲು ಸರಿದಂತೆ ಅವೂ ಸರಿಯುತ್ತಿದ್ದವು. ಜೋಳ ಹಸನು ಮಾಡುತ್ತ ನಾನು ಅದನ್ನೇ ನೋಡುತ್ತ ಕೂರುತ್ತಿದ್ದೆ. ಆಮೇಲೆ ಜಡಿಮಳೆ ಹಿಡಿಯಿತು. ನೀರು ಸೋರಬಾರದೆಂದು ಬೆಳಕಿಂಡಿಯ ಮೇಲೆ ಗಡಿಗೆ ಬೋರಲು ಹಾಕಿದರು. ಅಂದಿನಿಂದ ಆ ರೊಟ್ಟಿಯಷ್ಟು ಬಿಸಿಲೂ ನಿಂತುಹೋಯಿತು.

ಮರಿಗಳು ಬಾನ ಮುಟ್ಟುತ್ತಿರಲಿಲ್ಲ. ಹಾಲು ಒಡೆದು ನೀರು ನಾರತೊಡಗಿತು. ಮೊನ್ನೆ ಮೊಮ್ಮಗಳ ಕೋಣೆಯಲ್ಲಿ ಬಂತಲ್ಲ, ಅದೇ ವಾಸನೆ. ದಿನಾ ನೀರು ಬದಲಿಸಿದೆ, ಊದಿನಕಡ್ಡಿ ಹಚ್ಚಿದೆ, ಏನೂ ಪ್ರಯೋಜನವಾಗಲಿಲ್ಲ. ಅವುಗಳ ಕಣ್ಣು ಊದಿ ಮುಚ್ಚಿಕೊಂಡವು. ಬೆನ್ನ ಚಿಪ್ಪು ಒತ್ತಿದರೆ ನೆನೆದ ಹಪ್ಪಳದ ಹಾಗೆ ತಗ್ಗುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಒಂದು ಮರಿ ಕತ್ತು ಚಾಚಿ ಸತ್ತು ತೇಲುತ್ತಿತ್ತು. ಅತ್ತೆ ಅದನ್ನು 'ಶಿ' ಎಂದು ಗುರುತಿಸಿ, ಮಲ್ಲಿಗೆ ಗಿಡದ ಬುಡಕ್ಕೆ ಮಣ್ಣು ಮಾಡಿಸಿದರು. ಆ ದಿನ ಯಾರನ್ನೂ ಬೈಯಲಿಲ್ಲ. ಅದಾದ ವಾರದೊಳಗೆ, ನಾನು ದೋಣಿ ತೊಳೆಯಲೆಂದು ಮರಿಗಳನ್ನು ಪರಾತದಲ್ಲಿಟ್ಟು ನೀರು ತರಲು ಹೋಗಿ ಬರುವಷ್ಟರಲ್ಲಿ, ಇನ್ನೊಂದು ಎಲ್ಲಿಗೋ ಹೋಗಿಬಿಟ್ಟಿತ್ತು. ಮನೆಯ ಮೂಲೆ ಮೂಲೆ ಹುಡುಕಿದರೂ ಸಿಗಲಿಲ್ಲ.

ಪಕ್ಕದ ಮನೆಯ ನೀಲವ್ವನಿಗೆ ಇಂಥ ಸುದ್ದಿ ಅಂದರೆ ಹಬ್ಬ. ಪಡಸಾಲೆಯಲ್ಲಿ ಕೂತು, ನನಗೆ ಕೇಳಲೆಂದೇ ದನಿ ಏರಿಸಿ ಹೇಳಿದಳು: "ಶಾಂತಕ್ಕ, ಬಾವಿ ನೀರು ಕಂಡಿದ್ದಕ್ಕ ಸೊಸಿ ಕಾಲ್ಗುಣ ಅಂದಿ. ಆಮಿ ಸತ್ತಿದ್ದಕ್ಕ ಯಾರ ಕಾಲ್ಗುಣ ಅನ್ನೂಣು? ಪಂಚಮಿಗೆ ಆಕಿ ಅಣ್ಣ ಬರ್ತಾನಲ್ಲ, ಕಳಿಸಿಬಿಡು. ಒಂದ್ ವರ್ಷ ಅಲ್ಲೇ ಇರ್ಲಿ, ಗ್ರಹಚಾರ ಕಳೀಲಿ."

ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವರ ಮೌನ ನನ್ನ ಎದೆಯೊಡೆಯಿತು. ತಾಯಿಯಿಲ್ಲದ ತವರಿಗೆ, ಕಾಲ್ಗುಣ ಕೆಟ್ಟವಳೆಂಬ ಹೆಸರು ಹೊತ್ತು, ಅತ್ತಿಗೆಯ ಕೈಕೆಳಗೆ ವರ್ಷವಿಡೀ ಬದುಕುವುದು ಏನೆಂದು ನನಗೆ ಗೊತ್ತಿತ್ತು. ಉಳಿದ ಮೂರು ಮರಿಗಳು ಕಣ್ಣು ಬಿಟ್ಟರೆ ನಾನು ಈ ಮನೆಯವಳು, ಇಲ್ಲದಿದ್ದರೆ ಇಲ್ಲ.

ಪಂಚಮಿಗೆ ಇನ್ನೂ ಎರಡು ವಾರವಿತ್ತು. ಮಳೆ ಒಂದಿಷ್ಟು ಹೊಳವಾದಾಗ ಪಾತ್ರೆ ತೊಳೆಯಲೆಂದು ಹಿತ್ತಲಿಗೆ ಹೋದೆ. ಬಚ್ಚಲಿನ ನೀರು ಹರಿದು ಬಾಳೆಯ ಬುಡದಲ್ಲಿ ಒಂದು ಸಣ್ಣ ಮಡು ಆಗಿತ್ತು. ಅದರ ದಂಡೆಯ ಹೆಂಚಿನ ಚೂರಿನ ಮೇಲೆ ಏನೋ ಕರ್ರಗೆ ಹೊಳೆಯಿತು. ಬಗ್ಗಿ ನೋಡಿದರೆ ಕಳೆದುಹೋದ ಮರಿ! ಬಿಸಿಲಿಗೆ ಕತ್ತು ಎತ್ತಿ, ಹಿಂಗಾಲು ಚಾಚಿ, ಗೌಡರು ಕಟ್ಟೆಗೆ ಕೂತ ಹಾಗೆ ಕೂತಿತ್ತು. ಕಣ್ಣು ಸಾಸಿವೆ ಕಾಳಿನಂತೆ ಮಿನುಗುತ್ತಿತ್ತು. ಹಿಡಿಯಲು ಹೋದರೆ ಬುಳಕ್ಕನೆ ನೀರಿಗಿಳಿದು, ಸ್ವಲ್ಪ ಹೊತ್ತಿಗೆ ಬಾಯಲ್ಲಿ ಎರೆಹುಳ ಎಳೆದುಕೊಂಡು ಮೇಲೆ ಬಂತು. ಬೆನ್ನು ಒತ್ತಿ ನೋಡಿದೆ. ಗಟ್ಟಿ, ಬೆಲ್ಲದಚ್ಚಿನಂತೆ ಗಟ್ಟಿ.

ನಾನು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ದೇವರ ಕೋಣೆಯಲ್ಲಿ ಹಾಲು ಬಾನದ ಎದುರು ಕೂತವು ಕುರುಡಾಗಿವೆ, ಬಚ್ಚಲ ನೀರಿನಲ್ಲಿ ಬಿದ್ದದ್ದು ದೊರೆಯ ಹಾಗಿದೆ. ಬಿಸಿಲು ಮತ್ತು ಹುಳ. ಇಷ್ಟೇ. ಆದರೆ ಈ ಮಾತನ್ನು ಜಂಗಮರು ಬರುವ ಮನೆಯಲ್ಲಿ, ಹೊಸ ಸೊಸೆ, ಶಾಂತವ್ವನೆದುರು ಹೇಳುವುದು ಹೇಗೆ?

ಹೇಳಲಿಲ್ಲ. ಗಂಡನಿಗೆ ಹೇಳಿದೆ. ಅವರ ಹೆಸರು ಬಾಯಲ್ಲಿ ಹೇಳುವ ರೂಢಿಯಿರಲಿಲ್ಲ, ಈಗ ಬರೆಯಲೂ ಕೈ ಬರುವುದಿಲ್ಲ. ಪೇಟೆಯ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಇರುವೆ ಕಂಡರೂ ದಾಟಿ ನಡೆಯುವ ಮನುಷ್ಯ. "ಹುಳ ಮುಟ್ಟಾಕ ನನ್ನ ಕೈಲಿ ಆಗೂದಿಲ್ಲ ನೋಡು. ಬಸವನಹುಳ ಬೇಕಂದ್ರ ತರ್ತೀನಿ, ಅದಕ್ಕ ಮನಿ ಐತಿ, ಮನಿ ಹಿಡದು ಎತ್ತಬಹುದು" ಎಂದರು. ಅಂಗಡಿಯಿಂದ ಬರುವಾಗ ಕೆರೆಯ ಕಡೆ ಸುತ್ತಿ, ರುಮಾಲಿನಲ್ಲಿ ಕಟ್ಟಿ ತರತೊಡಗಿದರು. ಆ ದಿನಗಳಲ್ಲೇ ನನಗೆ ಅವರ ಮೇಲೆ ನಿಜವಾದ ಪ್ರೀತಿ ಹುಟ್ಟಿತು ಎಂದರೆ ನಗಬೇಡಿ. ರೇಷ್ಮೆ ಸೀರೆ ತಂದ ಗಂಡಂದಿರು ಬಹಳ ಮಂದಿ. ಬಸವನಹುಳ ತಂದವರನ್ನು ನಾನೊಬ್ಬಳೇ ಕಂಡಿರಬೇಕು.

ಅತ್ತೆ ಊಟವಾಗಿ ಅಡ್ಡಾದ ಮೇಲೆ ಮರಿಗಳನ್ನು ಮಣ್ಣಿನ ಬಾನಿಯಲ್ಲಿಟ್ಟುಕೊಂಡು, ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋಗುತ್ತಿದ್ದೆ. ಕಾಗೆ ಬರದಿರಲೆಂದು ಮೇಲೆ ಹಳೆಯ ಬಿದಿರಿನ ಬುಟ್ಟಿ ಬೋರಲು; ಅದರ ಸಂದಿಯಿಂದ ಬಿಸಿಲೂ ಬೀಳುತ್ತಿತ್ತು, ಅರ್ಧ ನೆರಳೂ ಇರುತ್ತಿತ್ತು. ಬಸವನಹುಳವನ್ನು ಚಿಪ್ಪಿನ ಸಮೇತ ಕಲ್ಲಿನಲ್ಲಿ ಜಜ್ಜಿ ಇಡುತ್ತಿದ್ದೆ. ಮೊದಮೊದಲು ಮುಖ ತಿರುಗಿಸಿಕೊಂಡು ಜಜ್ಜುತ್ತಿದ್ದೆ, ಆಮೇಲೆ ರೂಢಿಯಾಯಿತು. ಮಾಳಿಗೆಯ ಮೇಲೆ ಗಾಳಿ ಬೀಸುತ್ತಿತ್ತು. ದೂರದಲ್ಲಿ ಆನೆಗುಂದಿಯ ಕಲ್ಲುಗುಡ್ಡಗಳು, ಅವುಗಳ ಮೇಲೆ ಮಳೆಯ ಪರದೆ. ಪೇಟೆಯೂ ಕಂಡಿತು; ಅಂಥದ್ದೇನೂ ಇರಲಿಲ್ಲ ಅಲ್ಲಿ. ಆದರೂ ನಾನು ಹೊಟ್ಟೆ ತುಂಬ ನೋಡಿದೆ.

ನಾಗರಪಂಚಮಿಯ ದಿನ ನೆಲ ಅಗೆಯುವಂತಿಲ್ಲ. ನಾನು ಎಂದಿನಂತೆ ಎರೆಹುಳ ತೆಗೆಯಲು ಆಗದೆಂದು ನನ್ನ ಗಂಡ ಹಿಂದಿನ ಸಂಜೆಯೇ ಒಂದು ಗಡಿಗೆಯಷ್ಟು ಬಸವನಹುಳ ತಂದು ಕಟ್ಟಿಗೆ ರಾಶಿಯ ಹಿಂದೆ ಮುಚ್ಚಿಟ್ಟಿದ್ದರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಹಬ್ಬದ ಬೆಳಿಗ್ಗೆ ಅತ್ತೆ ಮಡಿಯುಟ್ಟು, ಬೆಳ್ಳಿ ಬಟ್ಟಲಲ್ಲಿ ಹಾಲು ಹಿಡಿದು, ಗೋಡೆಯ ಮೇಲೆ ಬರೆದ ನಾಗಪ್ಪನ ಮುಂದೆ ನಿಂತರು. ನಾಗಪ್ಪನ ಹೆಡೆಯ ಮೇಲೆ ಒಂದು ಬಸವನಹುಳ ಕೂತಿತ್ತು. ಇನ್ನೊಂದು ಬಾಲ ಹಿಡಿದು ಏರುತ್ತಿತ್ತು. ಅಡಿಗೆಮನೆಯಿಂದ ಜಗಲಿಯವರೆಗೆ ಗೋಡೆಯ ತುಂಬ ಬೆಳ್ಳಿ ಗೆರೆಗಳು.

"ಗಿರಿಜಾ!"

ಓಡಿಬಂದೆ. ಬಾಗಿಲಲ್ಲಿ ನನ್ನ ಗಂಡ ಆಕಾಶ ನೋಡುತ್ತ, "ಮಳಿಗಾಲ ಅಲ್ಲೇನಬೇ ಯವ್ವಾ, ತಾವ ಬಂದಿರ್ತಾವು" ಎಂದರು.

"ನೀ ಬಾಯಿ ಮುಚ್ಚು. ಸೊಸಿ ಹೇಳ್ಲಿ."

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಅತ್ತಿ, ಹಿತ್ತಲಕ ಬರ್ರಿ" ಎಂದೆ. ಮೂರು ಮರಿಗಳನ್ನು ಬಾನಿಯಲ್ಲಿ ತಂದೆ. ಬಾಳೆಯ ಬುಡದ ಮಡುವಿನಿಂದ ನಾಲ್ಕನೆಯದನ್ನೂ ಹಿಡಿದು ಅದೇ ಬಾನಿಗೆ ಹಾಕಿದೆ. ಅತ್ತೆ ಕಣ್ಣು ಅಗಲಿಸಿದರು. "ಅಯ್ಯ, 'ಯ' ಜೀವಂತ ಐತಿ!" ಎಂದರು. ದಿನಾ ಮಾಳಿಗೆಯ ಬಿಸಿಲಿಗೆ ಒಯ್ದದ್ದನ್ನೂ ಹೇಳಿ, ನಾನು ಬಸವನಹುಳ ಜಜ್ಜಿ ಇಟ್ಟೆ. ಎರಡು ವಾರದ ಹಿಂದೆ ಕುರುಡಾಗಿದ್ದ ಮರಿಯೊಂದು ಕಣ್ಣು ತೆರೆದು, ಕತ್ತು ಉದ್ದ ಮಾಡಿ, ಗಬಕ್ಕನೆ ಕಚ್ಚಿ, ಮುಂಗಾಲಿನಿಂದ ಹರಿದು ತಿಂದಿತು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ನೋಡಿದರು. ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ನಿಧಾನವಾಗಿ ಕೂತರು. ಹಾಲಿನ ಬಟ್ಟಲು ಇನ್ನೂ ಕೈಯಲ್ಲೇ ಇತ್ತು.

"ಶಿವ ಅವಕ್ಕ ಇಂಥಾ ಬಾಯಿ ಕೊಟ್ಟಾನ. ನಾ ಆ ಬಾಯಾಗ ಹಾಲು ಹೊಯ್ದೆ" ಎಂದರು. ಆಮೇಲೆ ಅವರ ಬಾಯಿಂದ ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ, "ಸತ್ತದ್ದನ್ನ ನಾನ ಕೊಂದ್ನೇನ ಗಿರಿಜಾ?" ಎಂದು ಕೇಳಿದರು.

"ಇಲ್ರಿ ಅತ್ತಿ. ನಮಗ ಯಾರಿಗೂ ಗೊತ್ತಿರಲಿಲ್ಲ" ಎಂದೆ. ನನಗೆ ಅಳು ಬಂತು. ಅವರಿಗೂ ಬಂತು, ಆದರೆ ಅದನ್ನು ಕೆಮ್ಮಿನಲ್ಲಿ ಮುಗಿಸಿದರು.

ಎದ್ದು ನಿಂತಾಗ ಅವರು ಮತ್ತೆ ಶಾಂತವ್ವ. "ನೋಡು, ಒಳಗಿನ ದೋಣ್ಯಾಗ ಇಂಥಾದ್ದು ಒಂದು ಚೂರೂ ಬೀಳಬಾರದು. ತಿನ್ಸೂದು ಹಿತ್ತಲದಾಗ, ಬ್ಯಾರೆ ಬಾನ್ಯಾಗ. ತಿಂದ ಮ್ಯಾಲ ಬಾಯಿ ತೊಳಿಸಿ, ಮೈ ತೊಳಿಸಿ, ಒಳಗ ತಂದು ಬಿಡಬೇಕು. ಬಿಸಲಿಗೆ ಮಾಳಗಿ ಮ್ಯಾಲ ಒಯ್ಯಿ. ಸೆರಗು ಮಾತ್ರ ನೆಟ್ಟಗಿರ್ಲಿ."

ಆಮೆಯ ಬಾಯಿ ತೊಳೆಯುವುದೆಂದರೆ ಏನೆಂದು ತೊಳೆದವರಿಗೇ ಗೊತ್ತು. ನಾನು ನೀರು ಹಿಡಿದರೆ ಅವು ತಲೆ ಒಳಗೆಳೆದುಕೊಳ್ಳುತ್ತಿದ್ದವು. ಆದರೆ ಈ ಮಡಿಯಿಂದ ಒಂದು ಸೋಜಿಗ ನಡೆಯಿತು. ತಿನ್ನುವುದು ಬೇರೆ ಕಡೆ ಆದದ್ದರಿಂದ ದೋಣಿಯ ನೀರು ಕೆಡುವುದೇ ನಿಂತಿತು. ನಾತ ಹೋಯಿತು. ಮೈಲಿಗೆ ಆಗಬಾರದೆಂದು ಅತ್ತೆ ಮಾಡಿದ ಕಟ್ಟಳೆ ಮರಿಗಳ ಆರೋಗ್ಯ ಕಾಯಿತು. ನನ್ನ ಹುಳ, ಅವರ ಮಡಿ, ಎರಡರಲ್ಲಿ ಒಂದು ಇಲ್ಲದಿದ್ದರೂ ಅವು ಉಳಿಯುತ್ತಿರಲಿಲ್ಲ ಎಂದು ನಾನು ಈಗಲೂ ನಂಬಿದ್ದೇನೆ.

ಹಳ್ಳ ಬಂದು ತಡವಾಗಿ ಹಬ್ಬದ ಸಂಜೆಗೆ ಅಣ್ಣ ಬಂದ. ನಾನು ಬಾಗಿಲ ಮರೆಯಲ್ಲಿ ನಿಂತೆ. ಅತ್ತೆ ಅವನಿಗೆ ಉಂಡಿ ಕಟ್ಟಿ ಕೊಟ್ಟು ಹೇಳಿದರು: "ವಾರದಾಗ ಕರಕೊಂಡು ಬರಬೇಕು ನೋಡಪಾ. ಈ ಆಮಿ ಬಾಯಿ ನಾ ತೊಳ್ಯಾಂಗಿಲ್ಲ."

ತವರಿನಲ್ಲಿ ವಾರ ಕಳೆದು ತಿರುಗಿ ಬಂದರೆ ನಾಲ್ಕೂ ಮರಿಗಳು ದುಂಡಗಾಗಿದ್ದವು. ಕೊಯ್ದ ಹಕ್ಕರಿಕಿ ಸೊಪ್ಪಿನ ಎಳೆ ಎಲೆಗಳು ಬಾನಿಯಲ್ಲಿದ್ದವು. ನೀಲವ್ವ ಬಾವಿಯ ಬಳಿ ನನ್ನ ಕಿವಿಗೆ ಬಾಯಿಟ್ಟು, "ನಿಮ್ಮತ್ತಿ ಬಚ್ಚಲ ಮಡುವಿನ್ಯಾಗ ಕಡ್ಡಿ ಹಿಡಕೊಂಡು ಹುಳಾ ತಗ್ಯಾಕತ್ತಿದ್ಲು ಬೇ. ನನ್ನ ಕಣ್ಣಾರೆ ನೋಡೇನಿ" ಎಂದಳು.

ಹಿಂಗಾರಿ ಜೋಳ ತೆನೆಗೆ ಬಂತು, ಚಳಿ ಬಂತು. ಸಂಕ್ರಾಂತಿಯ ಹೊತ್ತಿಗೆ ಮರಿಗಳ ಚಿಪ್ಪು ಕಲ್ಲಿನಂತಾಗಿತ್ತು, ಅಂಗೈ ಮುಚ್ಚುವಷ್ಟು ಬೆಳೆದಿರದಿದ್ದರೂ ಕಪ್ಪೆಗೆ ಹೆದರುವ ಕಾಲ ದಾಟಿತ್ತು. ಅತ್ತೆ ಬಾವಿ ಪೂಜೆ ಇಟ್ಟುಕೊಂಡರು. ಮರಳಿಯಿಂದ ಈರಪ್ಪ ಬಂದ, ಓಣಿಯ ಹೆಂಗಸರು ಬಂದರು. ಅರಿಷಿಣ, ಕುಂಕುಮ, ಹೂ ಆಯಿತು. ಅತ್ತೆ ಬಾನಿಯನ್ನು ನನ್ನ ಕೈಗೆ ಕೊಟ್ಟು "ಬಿಡು" ಎಂದರು.

ನಾನು ಬಾವಿಯೊಳಗೆ ಬಗ್ಗಿದೆ. ಕೆಳಗೆ, ಬಹಳ ಕೆಳಗೆ, ಕಪ್ಪು ನೀರು. ಏರಿ ಕೂರಲು ಒಂದು ಕಲ್ಲಿಲ್ಲ. ಗೋಡೆ ನೆಟ್ಟಗೆ. ನನಗೆ ಜಗಲಿ ಕೋಣೆ ನೆನಪಾಯಿತು, ಬೆಳಕಿಂಡಿಯ ಮೇಲೆ ಬೋರಲು ಹಾಕಿದ ಗಡಿಗೆ ನೆನಪಾಯಿತು. ಕೈ ಮುಂದೆ ಹೋಗಲಿಲ್ಲ.

"ಅತ್ತಿ, ಅಲ್ಲಿ ಬಿಸಲಿಲ್ರಿ" ಎಂದೆ.

ನೀಲವ್ವ ಬಾಯಿಗೆ ಬೆರಳಿಟ್ಟಳು. "ಏನವ್ವಾ, ಪೂಜಿ ಆದ ಮ್ಯಾಲ ಸೊಸಿ ಅಡ್ಡ ಮಾತಾಡ್ತಾಳಲ್ಲ!"

ಅತ್ತೆ ಮುಂದೆ ಬಂದು ತಾವೂ ಬಗ್ಗಿ ನೋಡಿದರು. ಎಷ್ಟು ಹೊತ್ತು ನೋಡಿದರೋ. ಆಮೇಲೆ ತಲೆಯೆತ್ತಿ, "ಈರಪ್ಪ, ಗಾಡಿ ಹೂಡು. ಎಲ್ಲಿಂದ ತಂದಿಯೋ ಅಲ್ಲೇ, ಮರಳಿ ಕೆರ್ಯಾಗ ಬಿಡೂಣು" ಎಂದರು.

"ಮತ್ತ ಬಾವಿಗೆ?" ನೀಲವ್ವ ಬಿಡಲಿಲ್ಲ. "ಐದು ತಂದ್ರಿ, ಒಂದು ಸತ್ತು ನಾಲ್ಕ ಉ‍ಳದ್ವು. ಈಗ ಅವನ್ನೂ ಬಿಟ್ರ ಬಾವಿ ಕಾಯಾವ್ರು ಯಾರು?"

ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟರು. "ಐದನೇದು ಇಲ್ಲೇ ನಿಂತೈತಿ ನೋಡ, ನೀಲವ್ವ" ಎಂದರು.

ಆ ಸಂಜೆ ಮರಳಿಯ ಕೆರೆದಂಡೆಯಲ್ಲಿ ನಾಲ್ಕೂ ಒಂದರ ಹಿಂದೊಂದು ನೀರಿಗಿಳಿದವು. ಅತ್ತೆ ನ, ಮ, ವಾ, ಯ ಎಂದು ಒಂದೊಂದನ್ನೇ ಕರೆದು ಕಳಿಸಿದರು; ಹೆಸರು ಸರಿಯಿತ್ತೋ ಇಲ್ಲವೋ, ಶಿವನಿಗೇ ಗೊತ್ತು. ನಾನು ಗಾಡಿಯಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ಮರಿಗಳಿಗಾಗಿ ಅತ್ತದ್ದು ನಿಜ. ಇನ್ನು ಮಾಳಿಗೆ ಏರಲು ನನಗೆ ಕಾರಣವಿಲ್ಲವಲ್ಲ ಎಂದು ಅತ್ತದ್ದೂ ನಿಜ.

ಮರುದಿನ ಖಾಲಿ ದೋಣಿಯನ್ನು ಬೋರಲು ಹಾಕಿ, ಅಡಿಗೆಮನೆಯ ಕತ್ತಲಲ್ಲಿ ಬೀಸುತ್ತ ಕೂತಿದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಹೊತ್ತೇರೈತಿ. ಮಾಳಗಿ ಮ್ಯಾಲ ಹೋಗಲ್ಲೇನು?"

"ಆಮಿ ಇಲ್ಲಲ್ರಿ, ಅತ್ತಿ."

"ಅದು ನನಗ ಗೊತ್ತಿಲ್ಲೇನು?" ಎಂದು ಅವರು ನನ್ನ ಕೈಯಿಂದ ಬೀಸುವ ಕಲ್ಲಿನ ಗೂಟ ತೆಗೆದುಕೊಂಡು, ನನ್ನ ಜಾಗದಲ್ಲಿ ಕೂತರು. "ಹೋಗು. ಬಿಸಲು ಛಲೋ ಬಿದ್ದೈತಿ."